ಅಂತರ್ಲಿಂಗ: ದೇಹದ ಗುರುತು, ಒಳಗಿನ ಗುರುತು

ವರ್ಣತಂತು, ವೃಷಣ ಅಥವಾ ಅಂಡಾಶಯ, ಹಾರ್ಮೋನು, ಹೊರಗೆ ಕಾಣುವ ಜನನಾಂಗ ಈ ನಾಲ್ಕೂ ಬಹುತೇಕ ಮನುಷ್ಯರಲ್ಲಿ ಒಂದೇ ದಿಕ್ಕಿಗೆ ಸಾಗಿರುತ್ತವೆ. ಕೆಲವರಲ್ಲಿ ಹುಟ್ಟಿನಿಂದಲೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಂಥ ದೇಹಸ್ಥಿತಿಗಳಿಗೆಲ್ಲ ಸೇರಿ ಅಂತರ್ಲಿಂಗ ಎಂಬ ಹೆಸರಿದೆ. ಇದು ಒಂದು ಕಾಯಿಲೆಯ ಹೆಸರಲ್ಲ. ಕಾರಣದಲ್ಲೂ ಪರಿಣಾಮದಲ್ಲೂ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಸ್ಥಿತಿಗಳು ಈ ಒಂದು ಚೀಟಿಯ ಕೆಳಗೆ ಬಂದು ಕೂತಿವೆ. ಕೆಲವು ಹೆರಿಗೆ ಕೋಣೆಯಲ್ಲೇ ಗೊತ್ತಾಗುತ್ತವೆ, ಕೆಲವು ಹದಿನಾರರ ಹರೆಯದಲ್ಲಿ, ಕೆಲವು ಮಕ್ಕಳಾಗಲಿಲ್ಲವೆಂದು ಆಸ್ಪತ್ರೆ ಸುತ್ತುವಾಗ. ಸಾಯುವವರೆಗೂ ಗೊತ್ತಾಗದವೂ ಇವೆ.

ಪತ್ರಿಕೆ, ವಿಧಾನಸೌಧ, ಚಹಾದಂಗಡಿ ಎಲ್ಲಿ ಈ ಮಾತು ಬಂದರೂ ಅದು ಎರಡೇ ನಿಮಿಷದಲ್ಲಿ ಮಂಗಳಮುಖಿಯರ ಕಡೆಗೆ ಹೊರಳುತ್ತದೆ. ಇವು ಬೇರೆ ಬೇರೆ ವಿಷಯ. ಹುಟ್ಟಿದಾಗ ಬರೆಸಿದ ಲಿಂಗಕ್ಕೂ ತಾನು ಯಾರೆಂಬ ಒಳಗಿನ ಅರಿವಿಗೂ ಹೊಂದಿಕೆ ಇಲ್ಲದವರು ಲಿಂಗತ್ವ ಅಲ್ಪಸಂಖ್ಯಾತರು. ಅವರಲ್ಲಿ ಹೆಚ್ಚಿನವರ ದೇಹ ವೈದ್ಯರ ದೃಷ್ಟಿಯಲ್ಲಿ ಸಾಮಾನ್ಯವೇ. ಅಂತರ್ಲಿಂಗಿಗಳಲ್ಲಿ ವ್ಯತ್ಯಾಸ ಇರುವುದು ದೇಹದಲ್ಲಿ. ಅವರಲ್ಲಿ ಹೆಚ್ಚಿನವರು ತಾವು ಹೆಣ್ಣು ಅಥವಾ ತಾವು ಗಂಡು ಎಂದು ಯಾವ ಗೊಂದಲವೂ ಇಲ್ಲದೆ ಬದುಕುತ್ತಾರೆ. ದೇಹದ ಗುರುತು ಬೇರೆ, ಒಳಗಿನ ಗುರುತು ಬೇರೆ ಎಂಬ ಈ ಭೇದ ನಿನ್ನೆ ಮೊನ್ನೆ ಪಶ್ಚಿಮದಿಂದ ಬಂದದ್ದೆಂದು ಹಲವರ ನಂಬಿಕೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಡವೋಲೆಗಳು ಈ ನಂಬಿಕೆಗೆ ಸಾಕ್ಷಿ ನುಡಿಯುವುದಿಲ್ಲ.

ಓಲೆಗರಿಯ ಒಂದು ಪದ

ಸಾವಿರ ಕಂಬದ ಬಸದಿಗೆ ಹೆಸರಾದ ಮೂಡುಬಿದಿರೆ ಜೈನ ವಿದ್ವಾಂಸರಿಗೆ ಮುಖ್ಯವಾಗಿರುವುದು ಬೇರೊಂದು ಕಾರಣಕ್ಕೆ. ಪುಷ್ಪದಂತ, ಭೂತಬಲಿಗಳ ಷಟ್ಖಂಡಾಗಮ ಮತ್ತು ಅದಕ್ಕೆ ವೀರಸೇನಾಚಾರ್ಯರು 9ನೇ ಶತಮಾನದ ಆರಂಭದಲ್ಲಿ ಬರೆದ ಧವಲಾ ಟೀಕೆ, ಜೊತೆಗೆ ಜಯಧವಲಾ, ಮಹಾಬಂಧ ಇವುಗಳ ಹಳೆಯ ಪ್ರತಿಗಳು ಉಳಿದದ್ದು ಇಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಶತಮಾನಗಳ ಕಾಲ ಅವು ಓದುವ ಪುಸ್ತಕಗಳಾಗಿರಲಿಲ್ಲ; ಯಾತ್ರಿಕರು ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. 19ನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. ಒಂದು ನಕಲಿನ ನಕಲು ಗುಟ್ಟಾಗಿ ಉತ್ತರ ಭಾರತ ಸೇರಿತು. ಅದರ ಆಧಾರದ ಮೇಲೆ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ್ ಜೈನ್ 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಅಚ್ಚಿಗೆ ತಂದರು.

ಜಗಳ ಹತ್ತಿದ್ದು 93ನೇ ಸೂತ್ರದಲ್ಲಿ. 'ಮನುಷ್ಯಿಣಿ', ಅಂದರೆ ಮಾನವ ಸ್ತ್ರೀ, ಆತ್ಮೋನ್ನತಿಯ ಹದಿನಾಲ್ಕು ಗುಣಸ್ಥಾನಗಳಲ್ಲಿ ಎಲ್ಲಿಯವರೆಗೆ ಏರಬಲ್ಲಳು ಎಂಬುದು ಅಲ್ಲಿನ ವಿಷಯ. ಕೈಯಲ್ಲಿದ್ದ ನಕಲುಗಳ ಪ್ರಕಾರ ಅವಳು ಐದನೆಯ ಮೆಟ್ಟಿಲಿಗೆ, ಅಂದರೆ ವ್ರತನಿಷ್ಠ ಗೃಹಸ್ಥರ ಮಟ್ಟಕ್ಕೆ ನಿಲ್ಲುತ್ತಿದ್ದಳು. ಆದರೆ ಕೆಳಗಿನ ಟೀಕೆ ಓದಿದರೆ ಮೇಲಿನ ಸೂತ್ರದಲ್ಲಿ 'ಸಂಜದ', ಅಂದರೆ ಸಂಯತ, ಎಂಬ ಪದ ಇದ್ದಿರಲೇಬೇಕು ಅನ್ನಿಸುತ್ತಿತ್ತು. ಸಂಪಾದಕರು ಹಾಗೆಂದು ಅಡಿಟಿಪ್ಪಣಿ ಹಾಕಿದರು. ಆ ಒಂದು ಪದ ಸೇರಿದರೆ ಮನುಷ್ಯಿಣಿಗೆ ಮುನಿಯ ಮಟ್ಟ ದಕ್ಕುತ್ತದೆ, ಅಲ್ಲಿಂದ ಮೋಕ್ಷದ ಬಾಗಿಲು ದೂರವಿಲ್ಲ. ಸ್ತ್ರೀದೇಹದಲ್ಲೇ ಮೋಕ್ಷವಿಲ್ಲವೆನ್ನುವ ದಿಗಂಬರ ಸಂಪ್ರದಾಯದ ಪಂಡಿತರಿಗೆ ಇದು ಸಹಿಸುವ ಮಾತಾಗಿರಲಿಲ್ಲ. ಕೊನೆಗೆ ಮೂಡುಬಿದಿರೆಯ ಮೂಲ ತಾಡವೋಲೆಯನ್ನೇ ನೋಡಿಸಲಾಯಿತು. ಪದ ಅಲ್ಲಿತ್ತು.

ಹಾಗಾದರೆ ಸಂಪ್ರದಾಯ ಸೋತಿತೇ? ಇಲ್ಲ. ಉತ್ತರ ವೀರಸೇನರಲ್ಲೇ ಸಿದ್ಧವಿತ್ತು. ಜೈನ ಕರ್ಮಸಿದ್ಧಾಂತ ಲಿಂಗವನ್ನು ಎರಡು ಲೆಕ್ಕದಲ್ಲಿ ಬರೆಯುತ್ತದೆ. ನಾಮಕರ್ಮದ ಉದಯದಿಂದ ರೂಪುಗೊಳ್ಳುವ ದೇಹದ ಲಿಂಗ ದ್ರವ್ಯವೇದ. ಮೋಹನೀಯ ಕರ್ಮದ ಉದಯದಿಂದ ಒಳಗೆ ಹುಟ್ಟುವ ಲಿಂಗಭಾವ, ಕಾಮನೆ, ಭಾವವೇದ. ಎರಡರಲ್ಲೂ ಸ್ತ್ರೀ, ಪುರುಷ, ನಪುಂಸಕ ಎಂಬ ಮೂರು ಬಗೆ. ಸೂತ್ರದ 'ಮನುಷ್ಯಿಣಿ' ಎಂದರೆ ದೇಹದಿಂದ ಪುರುಷ, ಭಾವದಿಂದ ಸ್ತ್ರೀ. ಮುನಿಪದವಿ ಅವಳಿಗೆ, ಅಥವಾ ಅವನಿಗೆ, ಎಂದು ಬಗೆಹರಿಸಲಾಯಿತು. ಹೆಣ್ಣುದೇಹಕ್ಕೆ ಬಾಗಿಲು ಮುಚ್ಚಿಡಲು ಹೋಗಿ ಪಂಡಿತರು ದೇಹ ಮತ್ತು ಭಾವ ಬೇರೆಯಾಗಬಲ್ಲವು ಎಂಬ ತತ್ತ್ವವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ಆಧುನಿಕ ಮನಸ್ಸಿನ ಹೀರಾಲಾಲರೇ ದೇಹ, ಭಾವಗಳ ಇಂಥ ವಿಷಮತೆ ಸಾಧ್ಯವೇ ಎಂದು ಸಂಶಯಪಟ್ಟರು! ವಾದವಿವಾದದ ಚರಿತ್ರೆಯಲ್ಲಿ ಇಂಥ ತಿರುವು ಅಪರೂಪ.

ಚಾವುಂಡರಾಯನ ಕಾಲದ ನೇಮಿಚಂದ್ರರ ಗೊಮ್ಮಟಸಾರದಲ್ಲೂ ಇದೇ ವಿಂಗಡಣೆ ಇದೆ: ದ್ರವ್ಯ, ಭಾವ ಎರಡೂ ಬಹುಮಟ್ಟಿಗೆ ಸಮ, ಕೆಲವೆಡೆ ವಿಷಮ. ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ಟೀಕೆ ಬರೆದ. ಹೀಗಾಗಿ ಕನ್ನಡ ಓದುಗನಿಗೆ ಈ ವಿಚಾರ ದೊರೆತು 650 ವರ್ಷ ದಾಟಿದೆ. ತತ್ತ್ವಾರ್ಥಸೂತ್ರ ಇನ್ನೂ ಮುಂದೆ ಹೋಗಿ ಜೀವಕೋಟಿಯನ್ನೇ ವಿಂಗಡಿಸುತ್ತದೆ: ನಾರಕಿಗಳು, ಸಮ್ಮೂರ್ಛನದಿಂದ, ಅಂದರೆ ತಂದೆತಾಯಿಯಿಲ್ಲದೆ ತಾನಾಗಿ, ಹುಟ್ಟುವ ಜೀವಿಗಳು ನಪುಂಸಕರು, ದೇವತೆಗಳಲ್ಲಿ ನಪುಂಸಕರಿಲ್ಲ, ಉಳಿದವರಲ್ಲಿ ಮೂರು ವೇದಗಳೂ ಉಂಟು.

ಇದನ್ನು ಓದಿ ಎದೆ ಉಬ್ಬಿಸಿಕೊಳ್ಳುವವರು ತುಸು ತಡೆಯಬೇಕು. ಅದೇ ಗ್ರಂಥಗಳು ನಪುಂಸಕವೇದದ ಕಾಮವನ್ನು ಇಟ್ಟಿಗೆಗೂಡಿನ ಬೆಂಕಿಗೆ ಹೋಲಿಸಿ ಮೂರರಲ್ಲಿ ಕೆಳಗಿನ ಸಾಲಿಗೆ ತಳ್ಳಿದವು. ದೀಕ್ಷೆಗೆ ಅನರ್ಹರ ಪಟ್ಟಿಯಲ್ಲಿ ಅವರ ಹೆಸರಿತ್ತು. ಶ್ವೇತಾಂಬರ ಪರಂಪರೆ ನಪುಂಸಕರಲ್ಲಿ ಹದಿನಾರು ಬಗೆ ಎಣಿಸಿ, ಆರು ಬಗೆಯವರಿಗೆ ಮಾತ್ರ ದೀಕ್ಷೆಯ ಅವಕಾಶ ಕೊಟ್ಟಿತು. ಗುರುತಿಸುವುದು ಒಂದು, ಗೌರವಿಸುವುದು ಇನ್ನೊಂದು.

ಈ ಇಡೀ ವಾಗ್ವಾದವನ್ನು ಜಗತ್ತಿನ ಮುಂದಿಟ್ಟವರು ಈ ಸೀಮೆಯವರೇ. ಮೂಡುಬಿದಿರೆ ಬಳಿಯ ನೆಲ್ಲಿಕಾರಿನಲ್ಲಿ 1923ರಲ್ಲಿ ಹುಟ್ಟಿದ ಪದ್ಮನಾಭ ಜೈನಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದರು. 1991ರಲ್ಲಿ ಬಂದ ಅವರ 'ಜೆಂಡರ್ ಆ್ಯಂಡ್ ಸಾಲ್ವೇಶನ್' ಸ್ತ್ರೀಮೋಕ್ಷದ ಬಗ್ಗೆ ಜೈನರೊಳಗೇ ನಡೆದ ವಾದಗಳ ಆರು ಪಠ್ಯಗಳನ್ನು ಇಂಗ್ಲಿಷಿಗೆ ತಂದಿತು. ಕನ್ನಡ ನೆಲದಲ್ಲಿ ಬೆಳೆದ ಯಾಪನೀಯ ಪಂಥದ ವೈಯಾಕರಣ ಶಾಕಟಾಯನ ಸ್ತ್ರೀಯರ ಪರವಾಗಿ ವಾದಿಸಿದ ಸ್ತ್ರೀನಿರ್ವಾಣ ಪ್ರಕರಣವೂ ಅವುಗಳಲ್ಲಿ ಒಂದು.

ಆರು ವಾರದ ಭ್ರೂಣ

ಜೀವವಿಜ್ಞಾನದ ಕಥೆ ಗರ್ಭದ ಆರೇಳನೆಯ ವಾರದಿಂದ ಶುರು. ಅಲ್ಲಿಯವರೆಗೆ ಗಂಡು ಭ್ರೂಣ, ಹೆಣ್ಣು ಭ್ರೂಣಗಳ ಜನನಗ್ರಂಥಿ ಒಂದೇ ತೆರ. ವೃಷಣವೂ ಆಗಬಲ್ಲದು, ಅಂಡಾಶಯವೂ ಆಗಬಲ್ಲದು. ಎರಡು ಜೊತೆ ನಾಳಗಳೂ ಪ್ರತಿಯೊಂದು ಭ್ರೂಣದಲ್ಲಿ ಇರುತ್ತವೆ. ವೈ ವರ್ಣತಂತುವಿನ ಮೇಲಿರುವ ಎಸ್‌ಆರ್‌ವೈ ಎಂಬ ಜೀನ್ ಕೆಲಸಕ್ಕಿಳಿದರೆ ಗ್ರಂಥಿ ವೃಷಣದ ದಾರಿ ಹಿಡಿಯುತ್ತದೆ. ಲಂಡನ್ನಿನ ವಿಜ್ಞಾನಿಗಳು 1990ರಲ್ಲಿ ಇದನ್ನು ಪತ್ತೆಮಾಡಿದರು. ವೃಷಣ ಒಂದು ಹಾರ್ಮೋನಿನಿಂದ ಗರ್ಭಕೋಶವಾಗಬೇಕಿದ್ದ ನಾಳವನ್ನು ಕರಗಿಸುತ್ತದೆ, ಟೆಸ್ಟೋಸ್ಟೆರೋನ್‌ನಿಂದ ಇನ್ನೊಂದು ನಾಳವನ್ನು ಉಳಿಸಿಕೊಳ್ಳುತ್ತದೆ. ಎಸ್‌ಆರ್‌ವೈ ಇಲ್ಲದಿದ್ದರೆ ಬೇರೆ ಜೀನುಗಳು ಅಂಡಾಶಯವನ್ನು ಕಟ್ಟುತ್ತವೆ.

ಇಷ್ಟು ಮೆಟ್ಟಿಲುಗಳಿರುವಲ್ಲಿ ಯಾವುದೇ ಒಂದರಲ್ಲಿ ವ್ಯತ್ಯಾಸ ಆಗಬಹುದು. ಎಕ್ಸ್‌ವೈ ವರ್ಣತಂತು, ಒಳಗೆ ವೃಷಣ, ರಕ್ತದಲ್ಲಿ ಬೇಕಾದಷ್ಟು ಟೆಸ್ಟೋಸ್ಟೆರೋನ್ ಇದ್ದೂ ಜೀವಕೋಶಗಳಿಗೆ ಅದನ್ನು ಗ್ರಹಿಸುವ ಗ್ರಾಹಿ ಇಲ್ಲದಿದ್ದರೆ ಹುಟ್ಟುವ ಮಗು ನೋಡಲು ಪೂರ್ತಿ ಹೆಣ್ಣು, ಬೆಳೆಯುವುದೂ ಹೆಣ್ಣಾಗಿ. ಇದು ಆಂಡ್ರೋಜನ್ ಅಸಂವೇದನೆ. ಇನ್ನೊಂದು ಕಡೆ, ಎಕ್ಸ್‌ಎಕ್ಸ್ ಮಗುವಿನ ಅಡ್ರಿನಲ್ ಗ್ರಂಥಿ ಒಂದು ಕಿಣ್ವದ ಕೊರತೆಯಿಂದ ಗಂಡು ಹಾರ್ಮೋನನ್ನು ಅತಿಯಾಗಿ ಸುರಿಸಿದರೆ, ಗರ್ಭಕೋಶ, ಅಂಡಾಶಯ ಸರಿಯಾಗಿದ್ದೂ ಹೊರಗಿನ ಜನನಾಂಗ ಗಂಡಿನಂತೆ ಕಾಣಬಹುದು. ಮತ್ತೊಂದು ಕಿಣ್ವ ಕಡಿಮೆಯಾದ ಎಕ್ಸ್‌ವೈ ಮಕ್ಕಳು ಹೆಣ್ಣೆಂದು ಬೆಳೆದು, ಪ್ರಾಯ ಬರುವಾಗ ಧ್ವನಿ ಒಡೆದು, ಸ್ನಾಯು ಬಲಿತು ಗಂಡಿನಂತಾಗುತ್ತಾರೆ. ಡೊಮಿನಿಕನ್ ಗಣರಾಜ್ಯದ ಹಳ್ಳಿಯೊಂದರ ಇಂಥ ಕುಟುಂಬಗಳ ಅಧ್ಯಯನ 1974ರಲ್ಲಿ ಪ್ರಕಟವಾಯಿತು. ವೃಷಣ, ಅಂಡಾಶಯ ಎರಡರ ಅಂಗಾಂಶವೂ ಒಂದೇ ದೇಹದಲ್ಲಿರುವುದು ತೀರ ಅಪರೂಪ.

ಎಷ್ಟು ಜನ? ಜಗತ್ತಿನಾದ್ಯಂತ ಓಡಾಡುವ ಅಂಕಿ ಶೇ. 1.7. ಜೀವವಿಜ್ಞಾನಿ ಆನ್ ಫಾಸ್ಟೊ ಸ್ಟರ್ಲಿಂಗ್ ಮತ್ತು ಸಂಗಡಿಗರು 2000ದಲ್ಲಿ ಕೊಟ್ಟದ್ದು. ಅದರಲ್ಲಿ ಶೇ. 1.5ರಷ್ಟು ಪಾಲು ತಡವಾಗಿ ಕಾಣಿಸಿಕೊಳ್ಳುವ ಅಡ್ರಿನಲ್ ತೊಂದರೆಯದ್ದು. ಅಂಥವರ ಜನನಾಂಗದಲ್ಲಿ ಹುಟ್ಟುವಾಗ ಏನೂ ವ್ಯತ್ಯಾಸ ಇರುವುದಿಲ್ಲ. 2002ರಲ್ಲಿ ವೈದ್ಯ ಲೆನಾರ್ಡ್ ಸ್ಯಾಕ್ಸ್ ಇವರನ್ನೂ, ವರ್ಣತಂತುಗಳ ಸಂಖ್ಯೆಯಲ್ಲೇ ವ್ಯತ್ಯಾಸವಿರುವ ಟರ್ನರ್, ಕ್ಲೈನ್‌ಫೆಲ್ಟರ್ ಸ್ಥಿತಿಯವರನ್ನೂ ಹೊರಗಿಟ್ಟು ಶೇ. 0.018 ಎಂದರು. ಮೊದಲನೆಯದು ಎರಡನೆಯದರ ನೂರು ಪಟ್ಟಿನ ಹತ್ತಿರ. ಇಬ್ಬರೂ ಸುಳ್ಳು ಹೇಳಿಲ್ಲ. ಎಣಿಸಿದ್ದು ಬೇರೆ ಬೇರೆಯವರನ್ನು. ಹುಟ್ಟಿದೊಡನೆ ಗಂಡೋ ಹೆಣ್ಣೋ ಹೇಳಲು ವೈದ್ಯರೇ ತಡವರಿಸುವ ಪ್ರಸಂಗ ಸುಮಾರು 4,500 ಹೆರಿಗೆಗೆ ಒಂದು.

ಲಿಂಗ ಎರಡೇ ಎನ್ನುವವರೂ ಲಿಂಗ ಒಂದು ವರ್ಣಪಟಲ ಎನ್ನುವವರೂ ಅಂತರ್ಲಿಂಗಿಗಳನ್ನು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ. ಮೊದಲನೆಯವರ ಆಧಾರ ಬೀಜಾಣು: ದೊಡ್ಡದು ಅಂಡ, ಚಿಕ್ಕದು ವೀರ್ಯಾಣು, ಮೂರನೆಯದು ಯಾವ ಮನುಷ್ಯನಲ್ಲೂ ಇಲ್ಲ. ಮಾತು ನಿಜ. ಆದರೆ ಯಾವ ಬೀಜಾಣುವನ್ನೂ ಉತ್ಪಾದಿಸದ ವ್ಯಕ್ತಿಯ ಪಡಿತರ ಚೀಟಿಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಎರಡನೆಯವರ ಮಾತು ದೇಹಲಕ್ಷಣಗಳ ಮಟ್ಟಿಗೆ ಸರಿ, ಸಂತಾನೋತ್ಪತ್ತಿಯ ಮಟ್ಟಿಗೆ ಸಡಿಲ. ಪ್ರಶ್ನೆ ಬೇರೆ ಬೇರೆ ಇರುವಾಗ ಗೆಲ್ಲುವ ಹಟ ಮಾತ್ರ ಒಂದೇ.

ಮೂಡುಬಿದಿರೆಯ ತೋಟಗಳಲ್ಲಿ ಇದು ಇಷ್ಟು ಬಿಸಿಯ ವಿಷಯವಲ್ಲ. ಅಡಿಕೆಯ ಒಂದೇ ಹಿಂಗಾರದಲ್ಲಿ ಗಂಡು ಹೂಗಳೂ ಬುಡದತ್ತ ಹೆಣ್ಣು ಹೂಗಳೂ ಇರುತ್ತವೆ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದ ಗಿಡ ಯಾವುದೆಂದು ಹೂ ಬಿಡುವ ತನಕ ತಿಳಿಯದು, ವರ್ಷಗಟ್ಟಲೆ ನೀರೆರೆದದ್ದು ಗಂಡಾಗಿ ನಿಂತರೆ ಕೃಷಿಕ ತಲೆಗೆ ಕೈಹೊತ್ತು ಕಸಿ ಕಟ್ಟುತ್ತಾನೆ. ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ದ್ವಿಲಿಂಗಿ ಮೂರೂ ಉಂಟು. ಮನುಷ್ಯರ ವಾದದಲ್ಲಿ ಗೆಲ್ಲಲು ಇವನ್ನು ಎಳೆದು ತರುವುದು ವ್ಯರ್ಥ. ಸಸ್ಯಗಳ ವ್ಯವಸ್ಥೆಯೇ ಬೇರೆ.

ಇದೇ ಊರು ಪಿಯು ಕಾಲೇಜುಗಳ ಊರು ಕೂಡ. ನೀಟ್ ಬರೆಯಲು ರಾಜ್ಯದ ಮೂಲೆಮೂಲೆಯಿಂದ ಬಂದು ಹಾಸ್ಟೆಲುಗಳಲ್ಲಿ ಕೂತ ಮಕ್ಕಳು 45 ಎಕ್ಸ್‌ಒ ಎಂದರೆ ಟರ್ನರ್, 47 ಎಕ್ಸ್‌ಎಕ್ಸ್‌ವೈ ಎಂದರೆ ಕ್ಲೈನ್‌ಫೆಲ್ಟರ್ ಎಂದು ನಿದ್ದೆಯಲ್ಲೂ ಹೇಳಬಲ್ಲರು. ಒಂದು ಪ್ರಶ್ನೆ, ನಾಲ್ಕು ಅಂಕ. ಟರ್ನರ್ ಸ್ಥಿತಿ ಸುಮಾರು 2,500 ಹುಡುಗಿಯರಲ್ಲಿ ಒಬ್ಬಳಿಗೆ, ಕ್ಲೈನ್‌ಫೆಲ್ಟರ್ ಸುಮಾರು 600 ಹುಡುಗರಲ್ಲಿ ಒಬ್ಬನಿಗೆ ಇರುತ್ತದೆ. ಸಾವಿರಾರು ಮಕ್ಕಳ ಊರಿನಲ್ಲಿ ಆ ಒಬ್ಬ ತಮ್ಮ ಬೆಂಚಿನಲ್ಲೇ ಇರಬಹುದೆಂದು ಪಠ್ಯಪುಸ್ತಕ ಹೇಳುವುದಿಲ್ಲ. ಈ ಎರಡನ್ನು ಅಂತರ್ಲಿಂಗದ ಲೆಕ್ಕಕ್ಕೆ ಸೇರಿಸಬೇಕೇ ಎಂಬುದರಲ್ಲೂ ತಜ್ಞರು ಒಮ್ಮತಕ್ಕೆ ಬಂದಿಲ್ಲ.

ಹೆರಿಗೆ ಕೋಣೆಯ ಪ್ರಶ್ನೆ

ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿರುವುದರಿಂದ ನಮ್ಮಲ್ಲಿ 'ಗಂಡಾ, ಹೆಣ್ಣಾ' ಎಂಬುದು ಹೆರಿಗೆಯಾದ ಮೇಲಿನ ಮೊದಲ ಪ್ರಶ್ನೆ. ಉತ್ತರ ಕೂಡಲೇ ಸಿಗದಿದ್ದಾಗ ವರ್ಣತಂತು ಪರೀಕ್ಷೆ, ಹಾರ್ಮೋನು ಪರೀಕ್ಷೆ, ಸ್ಕ್ಯಾನಿಂಗ್ ಎಂದು ದಿನಗಳು ಹೋಗುತ್ತವೆ. ಜನನವನ್ನು 21 ದಿನದೊಳಗೆ ವರದಿ ಮಾಡಬೇಕು. ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು, ಲಿಂಗದ ಕಾಲಂ ಮಾತ್ರ ಆಗಲೇ ತುಂಬಬೇಕು. ಮನೆಯ ಹಿರಿಯರು ತೊಟ್ಟಿಲ ಶಾಸ್ತ್ರದ ದಿನ ನೋಡುತ್ತಿರುತ್ತಾರೆ.

ಅಡ್ರಿನಲ್ ಸ್ಥಿತಿಯ ಒಂದು ಬಗೆಯಲ್ಲಿ ಲಿಂಗಕ್ಕಿಂತ ಜೀವದ ಪ್ರಶ್ನೆ ದೊಡ್ಡದು. ಮಗುವಿನ ದೇಹ ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದು. ಒಂದೆರಡು ವಾರಗಳಲ್ಲಿ ಹಾಲು ಕಕ್ಕುತ್ತದೆ, ತೂಕ ಏರುವುದಿಲ್ಲ, ಸೊರಗುತ್ತದೆ. ಹಾಲು ಒಗ್ಗಲಿಲ್ಲವೆಂದು ಮನೆಯವರು ಎಣಿಸುವ ಹೊತ್ತಿಗೆ ರಕ್ತದಲ್ಲಿ ಸೋಡಿಯಂ ಕುಸಿದು ಪೊಟಾಸಿಯಂ ಏರಿರುತ್ತದೆ. ಹೈಡ್ರೋಕಾರ್ಟಿಸೋನ್ ಮತ್ತು ಉಪ್ಪು ಹಿಡಿದಿಡುವ ಇನ್ನೊಂದು ಮಾತ್ರೆ ಸಕಾಲಕ್ಕೆ ಸಿಕ್ಕಿದರೆ ಮಗು ಉಳಿಯುತ್ತದೆ, ಎಲ್ಲರಂತೆ ಬೆಳೆಯುತ್ತದೆ. ಇಲ್ಲಿ ಹೆಣ್ಣುಮಗುವಿಗೇ ಒಂದು ಅನುಕೂಲವುಂಟು. ಅವಳ ಹೊರರೂಪದ ವ್ಯತ್ಯಾಸ ವೈದ್ಯರನ್ನು ಎಚ್ಚರಿಸುತ್ತದೆ. ಗಂಡುಮಗು ಮೇಲ್ನೋಟಕ್ಕೆ ಸಾಮಾನ್ಯವಾಗಿರುವುದರಿಂದ ತಪ್ಪಿಹೋಗುವ ಅಪಾಯ ಹೆಚ್ಚು. ಸುಮಾರು 15,000ಕ್ಕೆ ಒಂದು ಮಗುವಿನಲ್ಲಿ ಕಾಣುವ ಈ ಸ್ಥಿತಿಗೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಕಡೆ ಅದರ ಸಂಭವ ಏರುತ್ತದೆ. ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆಗಳ ಪಾಲು ಸುಮಾರು ಕಾಲು ಭಾಗ.

ಶಸ್ತ್ರಚಿಕಿತ್ಸೆಯ ಚರಿತ್ರೆ ಕಹಿಯಾದದ್ದು. ಮಗುವನ್ನು ಎರಡು ವರ್ಷದೊಳಗೆ ಯಾವ ಲಿಂಗಕ್ಕಾದರೂ ಬೆಳೆಸಬಹುದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಮನಿ ಕಲಿಸಿದರು. ಅವರ ಮುಖ್ಯ ಸಾಕ್ಷಿ ಅಂತರ್ಲಿಂಗಿಯೇ ಅಲ್ಲದ ಒಬ್ಬ ಹುಡುಗ: ಶಿಶುವಾಗಿದ್ದಾಗ ಸುನ್ನತಿಯ ಅವಘಡದಲ್ಲಿ ಅಂಗ ಕಳೆದುಕೊಂಡು, ಹೆಣ್ಣಾಗಿ ಬೆಳೆಸಲ್ಪಟ್ಟ ಕೆನಡಾದ ಡೇವಿಡ್ ರೀಮರ್. ಪ್ರಯೋಗ ಯಶಸ್ವಿಯಾಯಿತೆಂದು ಜಗತ್ತು ನಂಬಿತ್ತು. ಅವನು ಹದಿವಯಸ್ಸಿನಲ್ಲೇ ಗಂಡಿನ ಬಾಳಿಗೆ ಮರಳಿದ್ದನೆಂಬುದು 1997ರ ಲೇಖನದಿಂದ ಬಯಲಾಯಿತು. ಅಷ್ಟರಲ್ಲಿ ಆ ನಂಬಿಕೆಯ ಮೇಲೆ ದೇಶದೇಶಗಳಲ್ಲಿ ಎಷ್ಟೋ ಶಿಶುಗಳ ಅಂಗಗಳನ್ನು ಕತ್ತರಿಸಿ ಹೊಲಿದಾಗಿತ್ತು. ಸ್ಪರ್ಶಜ್ಞಾನ ಹೋದವರು, ಪದೇಪದೇ ಆಪರೇಷನ್ ಟೇಬಲ್ ಏರಿದವರು ದೊಡ್ಡವರಾಗಿ ಮಾತನಾಡತೊಡಗಿದರು. 2006ರಲ್ಲಿ ವೈದ್ಯರ ಅಂತಾರಾಷ್ಟ್ರೀಯ ಒಮ್ಮತ ಪತ್ರವೊಂದು ಹೆಚ್ಚು ಎಚ್ಚರ, ಹಲವು ತಜ್ಞರ ತಂಡ, ತಂದೆತಾಯಿಗೆ ಪೂರ್ತಿ ಮಾಹಿತಿ ಬೇಕೆಂದಿತು.

ಕಾನೂನು, ಕ್ರೀಡಾಂಗಣ

ಕಾನೂನಿನ ದಾರಿಯಲ್ಲಿ ನೆರೆ ರಾಜ್ಯಗಳು ಮುಂದೆ ನಡೆದವು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಮದುವೆ ನೋಂದಣಿಯ ಪ್ರಕರಣವೊಂದರಲ್ಲಿ ತೀರ್ಪು ಬರೆಯುತ್ತ, ಅಂತರ್ಲಿಂಗ ಶಿಶುಗಳ ಮೇಲೆ ಲಿಂಗ ನಿಗದಿಯ ಶಸ್ತ್ರಕ್ರಿಯೆ ಕೂಡದೆಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ತಮಿಳುನಾಡು, ಜೀವಕ್ಕೆ ಅಪಾಯವಿರುವ ಸಂದರ್ಭ ಬಿಟ್ಟು, ನಿಷೇಧದ ಆದೇಶ ಹೊರಡಿಸಿತು. ದೇಶದಲ್ಲಿ ಅದೇ ಮೊದಲು. ಮಾಲ್ಟಾ 2015ರಲ್ಲೇ ಇಂಥ ಕಾನೂನು ಮಾಡಿತ್ತು. ಕೇರಳ ಹೈಕೋರ್ಟಿಗೆ ಏಳು ವರ್ಷದ ಮಗುವಿನ ತಂದೆತಾಯಿ ಶಸ್ತ್ರಕ್ರಿಯೆಗೆ ಅನುಮತಿ ಕೇಳಿ ಹೋದಾಗ, 2023ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ವಿ.ಜಿ. ಅರುಣ್ ಒಪ್ಪಲಿಲ್ಲ. ತಜ್ಞರ ಸಮಿತಿ ಮಗುವನ್ನು ನೋಡಿ ಹೇಳಲಿ, ಸರ್ಕಾರ ಮಾರ್ಗಸೂಚಿ ತರಲಿ ಎಂದರು. ಮಗುವಿನ ಒಪ್ಪಿಗೆಯಿಲ್ಲದೆ ನಡೆಸುವ ಶಸ್ತ್ರಕ್ರಿಯೆ ಅದರ ಘನತೆ, ಖಾಸಗಿತನಗಳ ಪ್ರಶ್ನೆ ಎಂಬುದು ತೀರ್ಪಿನ ತಿರುಳು.

ಕರ್ನಾಟಕ ಉದ್ಯೋಗದ ಬಾಗಿಲಿನಿಂದ ಒಳಬಂದಿತು. ಪೊಲೀಸ್ ನೇಮಕಾತಿ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಕಾಲಂ ಇದ್ದುದನ್ನು ಪ್ರಶ್ನಿಸಿ ಬೆಂಗಳೂರಿನ 'ಸಂಗಮ' ಸಂಸ್ಥೆ ಹೈಕೋರ್ಟಿಗೆ ಹೋಯಿತು. 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮಕ್ಕೆ ತಿದ್ದುಪಡಿ ತಂದು ಲಿಂಗತ್ವ ಅಲ್ಪಸಂಖ್ಯಾತರಿಗೆ ಎಲ್ಲ ವರ್ಗಗಳೊಳಗೆ ಶೇ. 1 ಮೀಸಲಾತಿ ಕೊಟ್ಟಿತು. ಅವರ ಹಕ್ಕುಗಳನ್ನು ಮನ್ನಿಸಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, ಅವರ ಹಕ್ಕುಗಳ ರಕ್ಷಣೆಗೆ ಬಂದ 2019ರ ಕೇಂದ್ರ ಕಾಯ್ದೆ ಇದರ ಬೆನ್ನಿಗಿದ್ದವು. ಆದರೆ 2019ರ ಕಾಯ್ದೆ ಅಂಗೀಕಾರವಾದ ರೂಪದಲ್ಲಿ ಅಂತರ್ಲಿಂಗಿಗಳನ್ನೂ ಲಿಂಗತ್ವ ಅಲ್ಪಸಂಖ್ಯಾತರ ವ್ಯಾಖ್ಯೆಯೊಳಗೇ ತುಂಬಿತು. ಹುಟ್ಟಿನಿಂದ ಹೆಣ್ಣಾಗಿ ಬಾಳಿದ, ಹೆಣ್ಣೆಂದೇ ತಿಳಿದ ಅಂತರ್ಲಿಂಗ ಮಹಿಳೆಗೆ ಈ ಸೌಲಭ್ಯದ ಜೊತೆ ಒಂದು ಹಣೆಪಟ್ಟಿಯೂ ಬರುತ್ತದೆ. 2011ರ ಜನಗಣತಿಯಲ್ಲಿ 'ಇತರೆ' ಎಂದು ದಾಖಲಾದವರು ಕರ್ನಾಟಕದಲ್ಲಿ 20,266. ಅವರಲ್ಲಿ ಅಂತರ್ಲಿಂಗಿಗಳು ಎಷ್ಟು ಎಂಬ ಲೆಕ್ಕವೇ ಅಲ್ಲಿಲ್ಲ.

ಕ್ರೀಡೆಯಲ್ಲಿ ಚರ್ಚೆ ಇನ್ನೂ ಒರಟು. ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆಸುವ ಮೂಡುಬಿದಿರೆಗೆ ಇದು ದೂರದ ಸುದ್ದಿಯಲ್ಲ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್‌ನಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ನಂತರ ಕಳೆದುಕೊಂಡರು. ಸುದ್ದಿ ಅವರ ಮನೆಗೆ ಮುಟ್ಟುವ ಮೊದಲೇ ಟೀವಿಗೆ ಮುಟ್ಟಿತ್ತು. ಒಡಿಶಾದ ದ್ಯುತಿ ಚಂದ್ ಟೆಸ್ಟೋಸ್ಟೆರೋನ್ ಮಟ್ಟದ ಕಾರಣಕ್ಕೆ 2014ರಲ್ಲಿ ಹೊರಗುಳಿದು, ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ಆ ನಿಯಮವನ್ನೇ ಅಮಾನತಿನಲ್ಲಿಡಿಸಿದರು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಪರೀಕ್ಷೆ ಕಡ್ಡಾಯ ಮಾಡಿದೆ. ಕೆನ್ನೆಯ ಒಳಗಿನಿಂದ ಒರೆಸಿದ ಮಾದರಿ ಸಾಕು. ಇದು ಹೊಸ ಪ್ರಯೋಗವೂ ಅಲ್ಲ: 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದಾಗ 8 ಮಂದಿಯಲ್ಲಿ ಆ ಜೀನ್ ಸಿಕ್ಕಿತ್ತು, ಏಳು ಮಂದಿಗೆ ಆಂಡ್ರೋಜನ್ ಅಸಂವೇದನೆ ಇತ್ತು, ಎಂಟೂ ಮಂದಿ ಸ್ಪರ್ಧಿಸಿದರು. ನ್ಯಾಯಸಮ್ಮತ ಸ್ಪರ್ಧೆ ಬೇಕೆನ್ನುವ ಇತರ ಓಟಗಾರ್ತಿಯರ ವಾದವನ್ನು ತಳ್ಳಿಹಾಕುವಂತಿಲ್ಲ. ಒಬ್ಬಳ ದೇಹದ ವರದಿಯನ್ನು ಊರಿಗೆಲ್ಲ ಓದಿ ಹೇಳುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಕ್ರೀಡಾಂಗಣದ ಆಚೆ, ಪೂರ್ಣ ಆಂಡ್ರೋಜನ್ ಅಸಂವೇದನೆ ಇರುವ ಹುಡುಗಿಯರು ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಮಗುವಾಗಿದ್ದಾಗ ತೊಡೆಸಂದಿನ ಹರ್ನಿಯಾ, ಅಥವಾ ಹದಿನಾರು ಕಳೆದರೂ ಮುಟ್ಟಾಗದಿರುವುದು. ಒಳಗಿರುವ ವೃಷಣವನ್ನು ಹಿಂದೆ ಕೂಡಲೇ ತೆಗೆದುಬಿಡುತ್ತಿದ್ದರು, ಮುಂದೆ ಕ್ಯಾನ್ಸರ್ ಆದೀತೆಂದು. ಹರೆಯಕ್ಕೆ ಮುಂಚೆ ಆ ಅಪಾಯ ಕಡಿಮೆ, ಅದೇ ಗ್ರಂಥಿಯ ಹಾರ್ಮೋನಿನಿಂದ ಹುಡುಗಿಯ ಮೈ ತಾನಾಗಿ ತುಂಬಿಕೊಳ್ಳುತ್ತದೆ, ಮೂಳೆ ಗಟ್ಟಿಯಾಗುತ್ತದೆ ಎಂದು ತಿಳಿದ ಮೇಲೆ ಈಗ ಕಾಯುವುದು ರೂಢಿ. ತೆಗೆದರೆ ಈಸ್ಟ್ರೋಜನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕು. ಹಿಂದಿನ ತಲೆಮಾರಿನಲ್ಲಿ ಹುಡುಗಿಗೆ ಗರ್ಭಕೋಶ ಚಿಕ್ಕದೆಂದೋ ಗಡ್ಡೆ ತೆಗೆದೆವೆಂದೋ ಹೇಳುತ್ತಿದ್ದರು, ತಾಯಿಗೆ ಮಾತ್ರ ನಿಜ ಗೊತ್ತಿರುತ್ತಿತ್ತು. ಈಗಿನ ಮಾರ್ಗಸೂಚಿಗಳು ವಯಸ್ಸಿಗೆ ತಕ್ಕಂತೆ ಹಂತಹಂತವಾಗಿ ಹುಡುಗಿಗೇ ಎಲ್ಲವನ್ನೂ ತಿಳಿಸಬೇಕು, ಶಸ್ತ್ರಕ್ರಿಯೆಯ ತೀರ್ಮಾನದಲ್ಲಿ ಅವಳ ಮಾತು ಇರಬೇಕು ಎನ್ನುತ್ತವೆ.